ಅಡಿಕೆ ಸುಲಿಯುತ್ತಾ ಕೇಳಿದ ಸ್ಟೈನ್‌ಬೆಕ್

ಜಾನ್ ಸ್ಟೈನ್‌ಬೆಕ್ ಬರೆದ ‘ಆಫ್ ಮೈಸ್ ಆ್ಯಂಡ್ ಮೆನ್’ ಪುಸ್ತಕವನ್ನು ನಟ ಗ್ಯಾರಿ ಸಿನೀಸ್ ಓದಿರುವ ಆಡಿಯೋ ಇದೆ. ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ. ದುಡ್ಡು ಕೊಟ್ಟು ಕೇಳುವಷ್ಟು ಉಂಟಾ ಅಂದರೆ, ಉಂಟು. ಕಾಲೇಜಿನಲ್ಲಿ ಓದಿ ಪರೀಕ್ಷೆ ಬರೆದು ಮರೆತವರು ಮುಖ್ಯವಾಗಿ ಕೇಳಬೇಕು, ಯಾಕಂದರೆ ಕಣ್ಣಲ್ಲಿ ಓದುವಾಗ ಈ ಪುಸ್ತಕದ ಅರ್ಧ ಜೀವ ಕೈಗೆ ಸಿಗುವುದಿಲ್ಲ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ. 1937ರಲ್ಲಿ ಬಂದ ಪುಸ್ತಕ, ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತದ ಕಾಲ. ಕ್ಯಾಲಿಫೋರ್ನಿಯಾದ ಸಲೀನಾಸ್ ಕಡೆ ಊರೂರು ತಿರುಗಿ ಕೂಲಿ ಮಾಡುವ ಇಬ್ಬರು, ಜಾರ್ಜ್ ಮತ್ತು ಲೆನ್ನಿ. ಲೆನ್ನಿಗೆ ಮೈಯಲ್ಲಿ ಎತ್ತಿನ ಬಲ, ಬುದ್ಧಿ ಚಿಕ್ಕ ಮಗುವಿನದು. ಮೆತ್ತಗಿನದ್ದು ಏನು ಕಂಡರೂ ಮುಟ್ಟಿ ಸವರಬೇಕು. ಅದರಿಂದಲೇ ಹಿಂದಿನ ಊರಲ್ಲಿ ಕೆಲಸ ಬಿಟ್ಟು ಓಡಿ ಬಂದಿದ್ದಾರೆ. ಸ್ಟೈನ್‌ಬೆಕ್ ಹುಟ್ಟಿದ್ದು ಅದೇ ಸಲೀನಾಸ್‌ನಲ್ಲಿ, ಪ್ರಾಯದಲ್ಲಿ ಅಂಥ ಹೊಲಗಳಲ್ಲಿ ದುಡಿದವರು ಕೂಡ. (ಹಸ್ತಪ್ರತಿಯ ಅರ್ಧ ಭಾಗವನ್ನು ಅವರ ನಾಯಿಮರಿ ಹರಿದು ಹಾಕಿತ್ತು, ಎರಡು ತಿಂಗಳ ಕೆಲಸ ಪುನಃ ಮಾಡಬೇಕಾಯಿತು. ನಾಯಿಗೆ ಸಣ್ಣ ಪೆಟ್ಟು ಕೊಟ್ಟು ಬಿಟ್ಟರಂತೆ.)

ಈಗ ಆಡಿಯೋದ ವಿಷಯ. ಈ ಪುಸ್ತಕದಲ್ಲಿ ವರ್ಣನೆ ಕಡಿಮೆ, ಮಾತೇ ಎಲ್ಲ. ರಂಗದ ಮೇಲೆ ಹಾಗೆಯೇ ಆಡಬಹುದು ಅನ್ನುವ ಲೆಕ್ಕದಲ್ಲೇ ಬರೆದದ್ದು. ಅದೇ ವರ್ಷ ನವೆಂಬರ್‌ನಲ್ಲಿ ಬ್ರಾಡ್‌ವೇಯಲ್ಲಿ ನಾಟಕವೂ ಆಯಿತು. ನಮ್ಮ ಕಾಸರಗೋಡಿನಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯಗಳು ಎಷ್ಟೋ ಜನರಿಗೆ ಬಾಯಿಪಾಠ, ಆದರೂ ಇವತ್ತು ಪದ್ಯಕ್ಕೆ ಮಾತು ಕಟ್ಟಿ ಹೇಳುವ ಅರ್ಥಧಾರಿ ಅದನ್ನು ಹೇಗೆ ಎತ್ತುತ್ತಾರೆ ಅಂತ ಕೇಳಲು ಹೋಗುತ್ತೇವೆ ಅಲ್ವಾ. ಲೆನ್ನಿಯೂ ಹಾಗೆಯೇ. ತಮ್ಮದೇ ಒಂದು ಜಾಗ, ಅದರಲ್ಲಿ ಮೊಲ ಸಾಕುವುದು, ಆ ಕನಸು ಅವನಿಗೆ ಪೂರ್ತಿ ಬಾಯಿಗೆ ಬರುತ್ತದೆ. ಆದರೂ ಜಾರ್ಜ್ ಹೇಳಲೇಬೇಕು.

ಜಾರ್ಜ್ ಆ ಕನಸನ್ನು ಮುಖ್ಯವಾಗಿ ಮೂರು ಸಲ ಹೇಳುತ್ತಾನೆ. ಮೊದಲ ಸಲ ಹೊಳೆ ಬದಿಯಲ್ಲಿ, ಮಗುವನ್ನು ಮಲಗಿಸಲು ಹೇಳಿದ ಹಾಗೆ, ಒಂದು ಲಯದಲ್ಲಿ. ಎರಡನೇ ಸಲ ಕೂಲಿಯವರ ಮಲಗುವ ಕೋಣೆಯಲ್ಲಿ. ಆಗ ಕ್ಯಾಂಡಿ ಅನ್ನುವ ಮುದುಕ ಬದಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿರುತ್ತಾನೆ. ಮೂರನೇ ಸಲ ಎಲ್ಲಿ, ಯಾಕೆ ಅಂತ ಹೇಳುವುದಿಲ್ಲ. ಮಾತು ಹೆಚ್ಚುಕಮ್ಮಿ ಅವೇ, ಸ್ವರ ಬೇರೆ. ಸಿನೀಸ್ ಈ ಮೂರನ್ನೂ ಬೇರೆ ಬೇರೆ ಮಾಡಿ ತೋರಿಸಿದ್ದಕ್ಕೇ ಆಡಿಯೋದ ದುಡ್ಡು ಸಂದಾಯ. 1992ರ ಸಿನಿಮಾವನ್ನು ನಿರ್ದೇಶಿಸಿ ಜಾರ್ಜ್ ಪಾತ್ರ ಮಾಡಿದವರೂ ಇವರೇ, ಹಾಗಾಗಿ ಆ ಸ್ವರದಲ್ಲಿ ಹಿಡಿತ ಇರುವುದರಲ್ಲಿ ಆಶ್ಚರ್ಯ ಇಲ್ಲ.

ಎರಡನೇ ಸಲ ಹೇಳುವಾಗ ಕನಸಿಗೆ ಲೆಕ್ಕ ಸೇರಿಕೊಳ್ಳುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಹತ್ತು ಎಕರೆ ಜಾಗ, ಸಣ್ಣ ಮನೆ, ಗಾಳಿಯಂತ್ರ, ಕೋಳಿಗೂಡು, ಹಣ್ಣಿನ ಮರ. ಬೆಲೆ 600 ಡಾಲರ್. ಇವರ ಸಂಬಳ ತಿಂಗಳಿಗೆ 50. ಕ್ಯಾಂಡಿಯ ಒಂದು ಕೈ ಇದೇ ಕೆಲಸದಲ್ಲಿ ಹೋಗಿದೆ, ಅದಕ್ಕೆ ಸಿಕ್ಕಿದ್ದು 250, ಬ್ಯಾಂಕಿನಲ್ಲಿ 50, ತಿಂಗಳ ಕೊನೆಗೆ ಬರಬೇಕಾದದ್ದು ಇನ್ನೂ 50. ಅಷ್ಟನ್ನೂ ಕೊಡುತ್ತೇನೆ, ನನ್ನನ್ನೂ ಸೇರಿಸಿಕೊಳ್ಳಿ ಅನ್ನುತ್ತಾನೆ. ಇವರಿಬ್ಬರು ಒಂದು ತಿಂಗಳು ಒಂದು ಪೈಸೆ ಖರ್ಚು ಮಾಡದೆ ದುಡಿದರೆ 100. ಒಟ್ಟು 450. ಅಲ್ಲಿಯವರೆಗೆ ಕನಸು ಹೇಳುತ್ತಿದ್ದ ಜಾರ್ಜ್‌ಗೇ ಆ ಕ್ಷಣ ದಿಗಿಲಾಗುತ್ತದೆ, ಇದು ನಿಜಕ್ಕೂ ಆಗಿಬಿಡಬಹುದಲ್ಲ ಅಂತ. ಐದು ಸೆಂಟ್ಸ್ ಜಾಗಕ್ಕಾಗಿ ಗಲ್ಫಿಗೆ ಹೋಗಿ ಹತ್ತು ಹದಿನೈದು ವರ್ಷ ದುಡಿದವರು ಮಂಜೇಶ್ವರದಿಂದ ಕಾಸರಗೋಡಿನವರೆಗೆ ಮನೆಮನೆಯಲ್ಲಿ ಇದ್ದಾರೆ. ಅವರಿಗೆ ಈ ಕೂಡಿಸುವ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಹತ್ತು ಎಕರೆ ಅಂದರೆ ನಮ್ಮ ಲೆಕ್ಕಕ್ಕೆ ಸಾವಿರ ಸೆಂಟ್ಸ್, ಅದು ಬೇರೆ ಮಾತು.

ನಮ್ಮದು ಪೆರ್ಲದ ಹತ್ತಿರ ಅಡಿಕೆ ತೋಟ. ಒಣಗಿದ ಅಡಿಕೆ ಸುಲಿಯುವಾಗ ಒಂದು ಕಿವಿಗೆ ಇಯರ್‌ಫೋನ್ ಹಾಕಿ ಕೇಳಿದ್ದು. ಸುಲಿಯಲು ಬರುವವರಲ್ಲಿ ಗದಗ ಕಡೆಯವರೊಬ್ಬರಿದ್ದಾರೆ. ಒಬ್ಬಳೇ ಏನು ಕೇಳುತ್ತಿದ್ದೀರಿ ಅಂತ ಕೇಳಿದರು, ಕಥೆ ಹೇಳಿದೆ. ಕೈ ನಿಲ್ಲಿಸದೆ ಅಷ್ಟೂ ಕೇಳಿಸಿಕೊಂಡು, “ಅಕ್ಕಾರ, ಆ ಹೊಲಕ್ಕ ನೀರ ಅದಾವೇನ್ರಿ?” ಅಂದರು. ಇದೆ, ಜಾರ್ಜ್ ಅದನ್ನೂ ಹೇಳುತ್ತಾನೆ, ಬೇಕಾದಷ್ಟು ನೀರು ಅಂತ. “ಹಂಗಾರ ಆರ್ನೂರು ಕಡಿಮೀನ ಆತು ಬಿಡ್ರಿ,” ಅಂದರು. ವಿಮರ್ಶಕರು ಈ ಪುಸ್ತಕದ ಬಗ್ಗೆ ಎಷ್ಟೋ ಬರೆದಿದ್ದಾರೆ, ನೀರಿನ ಬಗ್ಗೆ ಕೇಳಿದವರನ್ನು ನಾನು ಕಾಣಲಿಲ್ಲ.

ಕ್ರೂಕ್ಸ್ ಬರುವ ಭಾಗವನ್ನು ಬಿಟ್ಟು ಬಿಟ್ಟು ಕೇಳಬೇಡಿ. ಅವನು ಕುದುರೆ ನೋಡಿಕೊಳ್ಳುವ ಕಪ್ಪು ಕೆಲಸಗಾರ, ಬೆನ್ನು ಗೂನು. ಬೇರೆಯವರಿಗೆಲ್ಲ ಒಟ್ಟಿಗೆ ಮಲಗುವ ಕೋಣೆ, ಒಬ್ಬೊಬ್ಬರ ತಲೆ ಮೇಲೆ ಗೋಡೆಗೆ ಹೊಡೆದ ಒಂದು ಆ್ಯಪಲ್ ಪೆಟ್ಟಿಗೆ, ಅವರ ಆಸ್ತಿ ಎಲ್ಲ ಅದರಲ್ಲೇ. ನಮ್ಮಲ್ಲಿ ಕೆಂಪುಕಲ್ಲಿನ ಕೋರೆ ಬದಿಯ ಬಿಡಾರಗಳಲ್ಲಿ ಗೋಡೆಯ ಮೊಳೆಗೆ ತೂಗುವ ಚೀಲಗಳನ್ನು ನೋಡಿದವರಿಗೆ ಆ ಪೆಟ್ಟಿಗೆ ಹೊಸದಲ್ಲ. ಕ್ರೂಕ್ಸ್‌ಗೆ ಅಲ್ಲಿಗೂ ಪ್ರವೇಶ ಇಲ್ಲ. ಲಾಯದ ಪಕ್ಕದ ಕೋಣೆಯಲ್ಲಿ ಒಬ್ಬನೇ. ಅವನ ಹತ್ತಿರ ಹರಿದ ಒಂದು ನಿಘಂಟು ಇದೆ, 1905ರ ಕ್ಯಾಲಿಫೋರ್ನಿಯಾದ ಕಾನೂನು ಪುಸ್ತಕ ಇದೆ. ಶನಿವಾರ ರಾತ್ರಿ ಎಲ್ಲರೂ ಪೇಟೆಗೆ ಹೋದಾಗ ಲೆನ್ನಿ ಅಲ್ಲಿಗೆ ಬರುತ್ತಾನೆ, ಹಿಂದಿನಿಂದ ಕ್ಯಾಂಡಿ. ಜಾಗದ ಕನಸು ಕೇಳಿ ಕ್ರೂಕ್ಸ್ ಮೊದಲು ನಗಾಡುತ್ತಾನೆ. ಇಂಥವರನ್ನು ನೂರಾರು ಜನ ನೋಡಿದ್ದೇನೆ, ಒಬ್ಬನಿಗೂ ಜಾಗ ಸಿಕ್ಕಿಲ್ಲ ಅನ್ನುತ್ತಾನೆ. ದುಡ್ಡು ಇದೆ ಅಂತ ಗೊತ್ತಾದ ಮೇಲೆ ಸ್ವರ ಇಳಿಯುತ್ತದೆ. ನಿಮಗೆ ಕೆಲಸಕ್ಕೆ ಒಬ್ಬ ಬೇಕಾದರೆ ನಾನು ಬರುತ್ತೇನೆ, ಸಂಬಳ ಬೇಡ, ಊಟ ಸಾಕು ಅನ್ನುತ್ತಾನೆ. ಅಷ್ಟರಲ್ಲಿ ಯಜಮಾನನ ಸೊಸೆ ಬಂದು ಬೆದರಿಸುತ್ತಾಳೆ, ನಿನ್ನನ್ನು ಮರಕ್ಕೆ ನೇತು ಹಾಕಿಸುವುದು ನನಗೆ ಸುಲಭ ಅಂತ. ಕೊನೆಗೆ ಕ್ರೂಕ್ಸ್ ಕ್ಯಾಂಡಿಯನ್ನು ಕರೆದು, ನಾನು ಹೇಳಿದ್ದು ಮರೆತುಬಿಡು, ಸುಮ್ನೆ ತಮಾಷೆಗೆ ಅಂದದ್ದು ಅನ್ನುತ್ತಾನೆ. ಓದುವಾಗ ಇದು ಕೆಲವು ಪುಟ, ಬೇಗ ದಾಟಿ ಹೋಗುತ್ತದೆ. ಕೇಳುವಾಗ ಒಬ್ಬ ಮನುಷ್ಯ ಬಾಗಿಲು ತೆರೆದು ಪುನಃ ಚಿಲಕ ಹಾಕಿಕೊಳ್ಳುವುದು ಸ್ವರದಲ್ಲೇ ಗೊತ್ತಾಗುತ್ತದೆ.

ಇನ್ನೊಂದು, ಕ್ಯಾಂಡಿಯ ಮುದಿ ನಾಯಿಯನ್ನು ಗುಂಡು ಹೊಡೆಯಲು ಕರೆದುಕೊಂಡು ಹೋದ ಮೇಲೆ ಕೋಣೆಯಲ್ಲಿ ಯಾರೂ ಮಾತಾಡದ ಆ ಹೊತ್ತು. ಸಿನೀಸ್ ಅಲ್ಲಿ ಅವಸರ ಮಾಡುವುದಿಲ್ಲ. ಆಡಿಯೋ ನಿಂತುಹೋಯಿತಾ ಅಂತ ನಾನು ಫೋನ್ ನೋಡಿದೆ.

ಕೊರತೆ ಇಲ್ಲವೆಂದಲ್ಲ. ಆ ಸೊಸೆಯ ಮಾತು ಗಂಡಸಿನ ಸ್ವರದಲ್ಲಿ ಅಷ್ಟಾಗಿ ಕೂರುವುದಿಲ್ಲ. ಸಿನಿಮಾದಲ್ಲಿ ಸೇರಿಸುತ್ತೇನೆ ಅಂದವನ ಕಾಗದಕ್ಕೆ ಕಾದು, ಅದು ಬಾರದೆ, ಅಮ್ಮನೇ ಬಚ್ಚಿಟ್ಟಳು ಅಂತ ನಂಬಿ, ಸಿಟ್ಟಿಗೆ ಸಿಕ್ಕಿದವನನ್ನು ಮದುವೆಯಾದ ಹುಡುಗಿ ಅವಳು. ಮಾತಾಡಲು ಒಬ್ಬರೂ ಇಲ್ಲ. ಇಷ್ಟೆಲ್ಲ ಕೊಟ್ಟ ಸ್ಟೈನ್‌ಬೆಕ್ ಅವಳಿಗೆ ಒಂದು ಹೆಸರು ಕೊಡಲಿಲ್ಲ, ಕಡೆಯವರೆಗೂ ಯಜಮಾನನ ಮಗ ಕರ್ಲಿಯ ಹೆಂಡತಿ. ಅದು ಬೇಕಂತಲೇ ಮಾಡಿದ್ದು ಅಂತ ಪಾಠ ಮಾಡುವವರು ಹೇಳುತ್ತಾರೆ. ಇರಬಹುದು, ನನಗೆ ಸಮಾಧಾನ ಇಲ್ಲ.

ಇಂಗ್ಲಿಷ್ ಕೂಡ ಸುಲಭದ್ದಲ್ಲ. ಹೊಲದಲ್ಲಿ ದುಡಿಯುವವರ ಆಡುಮಾತು, ಅರ್ಧ ಶಬ್ದ ನುಂಗಿ ಹೇಳುತ್ತಾರೆ. ನಮ್ಮಂತೆ ಕನ್ನಡ ಮಾಧ್ಯಮದಲ್ಲಿ ಕಲಿತವರು ವೇಗ ಸ್ವಲ್ಪ ಇಳಿಸಿಕೊಳ್ಳಿ, ಮೊದಲ ಅರ್ಧ ಗಂಟೆ ಕಷ್ಟ, ಆಮೇಲೆ ಕಿವಿ ಒಗ್ಗುತ್ತದೆ. ಕ್ರೂಕ್ಸ್‌ನನ್ನು ಕರೆಯುವ ಜನಾಂಗದ ಬೈಗುಳ ಮತ್ತೆ ಮತ್ತೆ ಬರುತ್ತದೆ, ಚಿಕ್ಕ ಮಕ್ಕಳೆದುರು ಸ್ಪೀಕರಿನಲ್ಲಿ ಹಾಕಬೇಡಿ. ನಾನು ಕೇಳಿದ ಆ್ಯಪ್‌ನಲ್ಲಿ ಭಾಗಗಳ ಪಟ್ಟಿ ಪುಸ್ತಕದ ಆರು ಭಾಗಕ್ಕೆ ಹೊಂದುವುದಿಲ್ಲ, ಹಿಂದೆ ಹೋಗಿ ಒಂದು ಕಡೆ ಹುಡುಕುವುದು ದೊಡ್ಡ ರಗಳೆ. ಗುಡ್ಡದ ಕೆಳಗೆ ನೆಟ್‌ವರ್ಕ್ ಸಿಗದ ಮನೆಯವರು ಪೇಟೆಗೆ ಹೋದಾಗಲೇ ಡೌನ್‌ಲೋಡ್ ಮಾಡಿಕೊಳ್ಳುವುದು ಒಳ್ಳೆಯದು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಪರೀಕ್ಷೆಗೆ ಬೇಕಾದ ಮಕ್ಕಳು ಪುಸ್ತಕ ಎದುರಿಗಿಟ್ಟುಕೊಂಡು ಕೇಳಿ, ಸಿನಿಮಾ ಆಮೇಲೆ ನೋಡಿ, ಇಲ್ಲದಿದ್ದರೆ ಲೆನ್ನಿ ಅಂದರೆ ಜಾನ್ ಮಾಲ್ಕೊವಿಚ್ ಮುಖವೇ ಬರುತ್ತದೆ. ಕೊನೆಯ ಅರ್ಧ ಗಂಟೆಯನ್ನು ಮಾತ್ರ ಬಸ್ಸಿನಲ್ಲಿ ಕೂತು ಕೇಳಬೇಡಿ ಮಾರಾಯ್ರೆ.