ವಾಕಿಟಾಕಿ ತಗೊಳ್ಳೋ ಮುಂಚೆ ನಮ್ಮ ಕತೆ ಕೇಳಿ

ಮಳೆ ಹಿಡಿಯುತ್ತಿದ್ದ ಹಾಗೆ ಜೀಪ್ ಓಡಿಸುವವರ ನಡುವೆ ಒಂದೇ ಪ್ರಶ್ನೆ: "ಗುರೂ, ಯಾವ ವಾಕಿಟಾಕಿ ತಗೊಳ್ಳೋದು?" 2023ರಲ್ಲಿ ನಮ್ಮ ಗುಂಪಿನಲ್ಲಿ ಇದಕ್ಕೆ ಉತ್ತರ ಹೇಳಿದವನು ನಾನೇ. ಸೆಟ್ ಹುಡುಕಿದವನು ನಾನು, ಎಲ್ಲರ ಹತ್ತಿರ ದುಡ್ಡು ಎತ್ತಿದವನೂ ನಾನು. ಆ ಉತ್ತರದಿಂದ ಗೆಳೆಯನೊಬ್ಬನ ಬೆರಳು ಹೋಗುವುದರಲ್ಲಿತ್ತು. ಅದಕ್ಕೇ ಈ ಬರಹ.

ನಾವು ಐದು ಗಾಡಿಯವರು. ಎರಡು ಥಾರ್, ಒಂದು ಹಳೇ ಜಿಪ್ಸಿ, ಒಂದು ಜಿಮ್ನಿ, ನನ್ನದೊಂದು ಹಳೇ ಜೀಪು. ಸಕಲೇಶಪುರದ ಆಚೆ ಪರಿಚಯದವರ ಕಾಫಿ ತೋಟ ಇದೆ. ಅದರೊಳಗಿನ ಮಣ್ಣು ದಾರಿಯಲ್ಲಿ ಓಡಿಸಲು ತೋಟದವರನ್ನು ಕೇಳಿ ಒಪ್ಪಿಗೆ ಪಡೆದಿದ್ದೆವು. (ಕಾಡೊಳಗೆ, ಹಳ್ಳದೊಳಗೆ ಹೇಳದೆ ಕೇಳದೆ ಗಾಡಿ ಇಳಿಸುವವರು ಈ ಬರಹ ಓದದಿದ್ದರೂ ಚಿಂತೆಯಿಲ್ಲ.) ಅಲ್ಲಿ ಮೊಬೈಲ್ ಸಿಗ್ನಲ್ ಗೇಟಿನ ತನಕ ಮಾತ್ರ. ಹಾಗಾಗಿ ವಾಕಿಟಾಕಿ ಬೇಕು ಅಂತಾಯಿತು.

ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಆನ್‌ಲೈನ್‌ನಲ್ಲಿ ಹುಡುಕಿದೆ, ಸ್ಟಾರ್ ನೋಡಿದೆ, ರೇಟು ನೋಡಿದೆ. ಡಬ್ಬದ ಮೇಲೆ "10 ಕಿ.ಮೀ." ಅಂತ ದಪ್ಪಕ್ಷರ. ಆರು ಸೆಟ್ ಒಟ್ಟಿಗೆ ತಗೊಂಡರೆ ಇನ್ನೂ ಅಗ್ಗ. ತರಿಸಿಬಿಟ್ಟೆ. ಬಂದ ದಿನ ಮನೆ ಮುಂದಿನ ರಸ್ತೆಯಲ್ಲಿ ಆ ತುದಿ ಈ ತುದಿ ನಿಂತು "ಹಲೋ ಹಲೋ" ಅಂದೆವು. ಗಾಜಿನ ಹಾಗೆ ಕೇಳಿಸಿತು. ನಮ್ಮ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಮೊದಲ ಸುಳಿವು ಹಾಸನದ ಹೈವೇನಲ್ಲೇ ಸಿಕ್ಕಿತ್ತು, ನಾವು ನಕ್ಕು ಸುಮ್ಮನಾದೆವು. ಯಾರೋ "ಅಣ್ಣಾ, ಸಿಮೆಂಟ್ ಲೋಡ್ ಬಂತು, ಗೇಟ್ ತೆಗಿ" ಅಂದರು. ನಮ್ಮ ಜಿಪ್ಸಿಯವನು ಸುಮ್ಮನಿರಬೇಕಲ್ಲ, "ತೆಗ್ದೆ, ಬಾ" ಅಂದುಬಿಟ್ಟ. ಆ ಕಡೆಯಿಂದ ಬಂದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಬೇರೆಯವರ ಚಾನೆಲ್‌ನಲ್ಲಿ ನಾವು ಕೂತಿದ್ದೇವೆ ಅನ್ನುವುದು ಆಗಲೇ ಹೊಳೆಯಬೇಕಿತ್ತು. ಅದರ ವಿಷಯ ಮುಂದೆ ಹೇಳುತ್ತೇನೆ.

ತೋಟದ ಗೇಟು ದಾಟಿ ಎರಡನೇ ತಿರುವಿಗೆ ಹಿಂದಿನ ಎರಡು ಗಾಡಿಗಳ ದನಿ ನಿಂತಿತು. ಮಧ್ಯೆ ಒಂದು ಗುಡ್ಡದ ಮೂಗು, ಅಷ್ಟೇ. ದೂರ ಅರ್ಧ ಕಿಲೋಮೀಟರೂ ಇರಲಿಲ್ಲ. 10 ಕಿ.ಮೀ. ಎಲ್ಲಿ ಹೋಯಿತು? ಡಬ್ಬದ ಲೆಕ್ಕ ಪೂರ್ತಿ ಸುಳ್ಳಲ್ಲ, ಆದರೆ ಅದು ನಮ್ಮ ಲೋಕದ ಲೆಕ್ಕವಲ್ಲ. ಈ ಸೆಟ್‌ಗಳ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ನಿಂತ ಮನುಷ್ಯನ ಮುಖದ ಎತ್ತರದಲ್ಲಿ ಹಿಡಿದ ಎರಡು ಸೆಟ್‌ಗಳ ನಡುವೆ ಬಟ್ಟಬಯಲಿದ್ದರೂ 8ರಿಂದ 10 ಕಿ.ಮೀ. ಆಗುವಷ್ಟರಲ್ಲಿ ಭೂಮಿಯ ದುಂಡೇ ಅಡ್ಡ ಬರುತ್ತದೆ. ಆ ಬಯಲು ಮಲೆನಾಡಲ್ಲಿ ಎಲ್ಲಿದೆ? ಗುಡ್ಡ ಅಡ್ಡ, ಸಿಲ್ವರ್ ಓಕ್ ಮರಗಳು ಅಡ್ಡ, ಮಳೆಯಲ್ಲಿ ನೆಂದ ಎಲೆ ಅಲೆಯನ್ನು ಇನ್ನಷ್ಟು ಕುಡಿಯುತ್ತದೆ. ಮೇಲಿಂದ ನಾವು ತಗಡಿನ ಡಬ್ಬದೊಳಗೆ, ಅಂದರೆ ಗಾಡಿಯೊಳಗೆ ಕೂತು ಮಾತಾಡುತ್ತಿದ್ದೆವು. ಕಿಟಕಿ ಇಳಿಸಿ ಕೈ ಹೊರಗೆ ಚಾಚಿದಾಗ ಸ್ವಲ್ಪ ವಾಸಿ. ಕೈ ಮಾತ್ರ ತೊಪ್ಪೆಯಾಯಿತು.

"ಜಾಸ್ತಿ ವ್ಯಾಟ್ ಇರೋದು ತಗೋ" ಅಂತ ಅಂಗಡಿಯವರು ಹೇಳುತ್ತಾರೆ. ವ್ಯಾಟ್, ಅಂದರೆ ಸೆಟ್ ಅಲೆ ಕಳಿಸುವ ಶಕ್ತಿ, ನಾಲ್ಕು ಪಟ್ಟು ಮಾಡಿದರೆ, ಅಡ್ಡ ಏನೂ ಇಲ್ಲದ ಕಡೆ, ದೂರ ಎರಡು ಪಟ್ಟಾಗುತ್ತದೆ. ಗುಡ್ಡ ಮಾತ್ರ ಅಲ್ಲೇ ಇರುತ್ತದೆ.

ಇನ್ನು ಚಿಕ್ಕಪುಟ್ಟ ಕಾಟಗಳು. ಗುಂಡಿ ಒತ್ತದೆ ಮಾತಾಡಿದರೂ ತಾನೇ ಆನ್ ಆಗುವ ಸೌಲಭ್ಯ ಇತ್ತು, ವಾಕ್ಸ್ ಅನ್ನುತ್ತಾರೆ. ಸ್ಟೇರಿಂಗ್ ಹಿಡಿದವನಿಗೆ ಒಳ್ಳೆಯದಲ್ವಾ ಅಂತ ಆನ್ ಮಾಡಿಟ್ಟೆವು. ಡೀಸೆಲ್ ಇಂಜಿನ್ ಗುಡುಗಿದಾಗಲೆಲ್ಲ ಅದೇ ಆನ್ ಆಗಿ ಎಲ್ಲರ ಕಿವಿಗೂ ಇಂಜಿನ್ ತುಂಬಿತು. ಮನುಷ್ಯ ಮಾತಾಡಿದಾಗ ಮೊದಲ ಅಕ್ಷರ ನುಂಗಿತು. ಜಿಮ್ನಿಯವನ ಸೆಟ್‌ನಲ್ಲಿ ಅದೇನೋ ಪ್ರೈವೆಸಿ ಕೋಡ್ ಆನ್ ಆಗಿತ್ತು. ಅವನ ಮಾತು ನಮಗೆ ಕೇಳುತ್ತಿತ್ತು, ನಮ್ಮದು ಅವನಿಗೆ ಇಲ್ಲ. "ಯಾರೂ ಮಾತಾಡ್ತಿಲ್ಲ ಯಾಕ್ರೋ?" ಅಂತ ಅವನು ಅರ್ಧ ಗಂಟೆ ಕೇಳಿದ. ಹೆಸರು ಪ್ರೈವೆಸಿ ಅಂತಿದ್ದರೂ ಅದು ಗುಟ್ಟು ಕಾಯುವುದಿಲ್ಲ, ಬೇರೆಯವರ ದನಿ ನಿಮ್ಮ ಕಿವಿಗೆ ಬೀಳದ ಹಾಗೆ ಮಾಡುತ್ತದೆ ಅಷ್ಟೇ. ಇನ್ನೊಬ್ಬ ಸೆಟ್ಟನ್ನು ಸೀಟಿಗೂ ಹ್ಯಾಂಡ್‌ಬ್ರೇಕಿಗೂ ನಡುವೆ ತುರುಕಿದ್ದ. ಗುಂಡಿ ಒತ್ತಿಕೊಂಡೇ ಉಳಿಯಿತು. ಅವನೂ ಅವನ ಭಾವಮೈದನೂ ಚೀಟಿ ದುಡ್ಡಿನ ವಿಚಾರ ಮಾತಾಡಿದ್ದನ್ನು ನಾವೆಲ್ಲ ಕೂತು ಕೇಳಿದೆವು. ಒಬ್ಬ ಗುಂಡಿ ಒತ್ತಿದ್ದರೆ ಉಳಿದವರ ಬಾಯಿ ಕಟ್ಟಿದ ಹಾಗೆ. ಆಗ ಯಾರಾದರೂ ಪಲ್ಟಿ ಹೊಡೆದಿದ್ದರೆ ಹೇಳಲೂ ದಾರಿ ಇರಲಿಲ್ಲ.

ಮಧ್ಯಾಹ್ನ ಸುಮಾರು ಮೂರು ಗಂಟೆಗೆ ಒಂದು ದಿಣ್ಣೆ ಹತ್ತಬೇಕಿತ್ತು. ನಾನು ಹತ್ತಿ ಆಚೆ ಇಳಿದು ನಿಂತೆ. ನನ್ನ ಹಿಂದಿನ ಥಾರ್ ದಿಣ್ಣೆಯ ಈಚೆ ಬದಿ ಚರಂಡಿಗೆ ಜಾರಿ ಹೂತುಕೊಂಡಿತು. ಹಗ್ಗ ಕಟ್ಟಿ ನಾನು ಮೇಲಿಂದ ಎಳೆಯುವುದು ಅಂತಾಯಿತು. ಹಗ್ಗ ದಿಣ್ಣೆಯ ನೆತ್ತಿ ದಾಟಿ ಕೆಳಗೆ ಹೋಗಿತ್ತು. ಕನ್ನಡಿಯಲ್ಲಿ ನನಗೆ ಕಾಣುತ್ತಿದ್ದುದು ಕೆಂಪು ಮಣ್ಣು, ನೆಟ್ಟಗೆ ಹೋದ ಹಗ್ಗ, ಮಳೆ. ಇಪ್ಪತ್ತೈದು ಮೀಟರ್ ಹಿಂದೆ ಏನಾಗುತ್ತಿದೆ ಅನ್ನುವುದು ಸೆಟ್‌ನಿಂದಲೇ ತಿಳಿಯಬೇಕು.

ಕೆಳಗೆ ಗೆಳೆಯ ಶಾಕಲ್ ಹಾಕುತ್ತಿದ್ದ. ಕಬ್ಬಿಣದ ಯು ಆಕಾರದ ಕೊಂಡಿ, ಅದರ ಪಿನ್ನು ತಿರುಪಿ ಕೂರಿಸಬೇಕು. ಪಿನ್ ಎರಡು ಸುತ್ತು ಹೋಗಿ ಮಣ್ಣು ಸಿಕ್ಕಿ ನಿಂತಿತಂತೆ. ಅವನು ಎಡಗೈಯಲ್ಲಿ ಹಗ್ಗದ ಕುಣಿಕೆ ಹಿಡಿದು, ಬಲಗೈಯಲ್ಲಿ ಪಿನ್ ಒರೆಸುತ್ತಿದ್ದ. ಪಕ್ಕದಲ್ಲಿದ್ದವನು ನನಗೆ ಹೇಳಲು ಸೆಟ್ ಎತ್ತಿದ. ಬೆರಳ ತುಂಬ ಕೆಸರು, ಗುಂಡಿ ನುಣ್ಣಗಿನ ರಬ್ಬರು, ಕಡಲೆಕಾಳಿನಷ್ಟು. ಅವನು ಹೇಳಿದ್ದು:

"ಎಳೀಬೇಡ ಕಣೋ!"

ಬೆರಳು ಜಾರಿತು. ನನಗೆ ಕೇಳಿದ್ದು:

"ಎಳೀ—"

ನಾನು ಕ್ಲಚ್ ಬಿಟ್ಟೆ.

ದಿಣ್ಣೆ ಪಕ್ಕದ ಬದುವಿನ ಮೇಲೆ ತೋಟದ ರೈಟ್ರು, ಅಂದರೆ ಆಳುಕಾಳು ಲೆಕ್ಕ ನೋಡುವವರು, ನಿಂತಿದ್ದರು. ಕಂಬಳಿ ಕೊಪ್ಪೆ ಹಾಕಿಕೊಂಡು, ಕಾಲಿಗೆ ಹತ್ತಿದ ಇಂಬಳ ಕೀಳುತ್ತಾ, ಪಟ್ಟಣದವರ ಆಟ ನೋಡುತ್ತಾ. ಅವರಿಗೆ ಎರಡೂ ಗಾಡಿ ಕಾಣುತ್ತಿತ್ತು. ಅವರು ಹಾಕಿದ "ಹೋ...ಯ್!" ಇದೆಯಲ್ಲ, ಇಂಜಿನ್ ಸದ್ದು, ಮಳೆ ಸದ್ದು ಎರಡನ್ನೂ ಸೀಳಿಕೊಂಡು ಬಂತು. ಬ್ರೇಕ್ ಒತ್ತಿದೆ. ಅಷ್ಟರಲ್ಲಿ ಜೀಪು ಒಂದಡಿ ಮುಂದೆ ಹೋಗಿತ್ತು, ಹಗ್ಗದ ಸಡಿಲ ಮುಗಿದಿತ್ತು. ಗೆಳೆಯನ ಗ್ಲೌಸ್ ಕುಣಿಕೆಯಲ್ಲಿ ಸಿಕ್ಕಿ ಹರಿದಿತ್ತು. ತೋರುಬೆರಳಿನ ಉಗುರು ಪೂರ್ತಿ ಕಪ್ಪಾಗಿ ಆಮೇಲೆ ಬಿದ್ದುಹೋಯಿತು. ಇನ್ನೊಂದು ಅಡಿ ಹೋಗಿದ್ದರೆ? ಅವನ ಹೆಂಡತಿ ಆ ಪ್ರಶ್ನೆಯನ್ನು ನನಗೆ ಇವತ್ತಿಗೂ ಕೇಳುತ್ತಾರೆ.

ಆ ರಾತ್ರಿ ತೋಟದ ಲೈನಿನ ಮನೆಯಲ್ಲಿ ಬೆಂಕಿ ಮುಂದೆ ಕೂತಾಗ ರೈಟ್ರೇ ಹೇಳಿದ್ದು: "ಸ್ವಾಮಿ, ನಮ್ ಮಾತಲ್ಲಿ ಬೇಡ ಅನ್ನೋದು ಕೊನೇಲಿ ಬರುತ್ತೆ. ಆ ಡಬ್ಬ ಕೊನೇದನ್ನೇ ನುಂಗುತ್ತೆ." ಎಂಥ ಮಾತು! ಎಳೀಬೇಡ, ಬರಬೇಡ, ಬಿಡಬೇಡ. ಬಾಲ ಕತ್ತರಿಸಿದರೆ ಎಲ್ಲವೂ ತಿರುಗಿ ನಿಲ್ಲುತ್ತವೆ. ಈಗ ನಾವು ಸೆಟ್‌ನಲ್ಲಿ "ಬೇಡ" ಬಳಸುವುದನ್ನೇ ಬಿಟ್ಟಿದ್ದೇವೆ. ನಿಲ್ಲಿಸಬೇಕಾದರೆ "ಸ್ಟಾಪ್ ಸ್ಟಾಪ್ ಸ್ಟಾಪ್", ಮೂರು ಸಲ. ಎಳೆಯಬೇಕಾದರೆ ಕೆಳಗಿನವನು ಎಳೆಯುವವನ ಹೆಸರು ಹಿಡಿದು "ರೆಡಿ, ಎಳಿ" ಅನ್ನಬೇಕು, ಮೇಲಿನವನು ಅದನ್ನೇ ತಿರುಗಿ ಹೇಳಬೇಕು, ಕೆಳಗಿನವನು "ಹೌದು" ಅಂದ ಮೇಲೆ ಕ್ಲಚ್. ಅರ್ಧ ಮಾತು ಕೇಳಿದರೆ ಅದೂ "ಸ್ಟಾಪ್" ಅಂತಲೇ ಲೆಕ್ಕ. ಗುಂಡಿ ಒತ್ತಿ ಒಂದು ಕ್ಷಣ ಬಿಟ್ಟು ಮಾತು, ಮಾತು ಮುಗಿದು ಒಂದು ಕ್ಷಣ ಬಿಟ್ಟು ಗುಂಡಿ.

ಊರಿಗೆ ಬಂದ ಮೇಲೆ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಲೈಸೆನ್ಸ್ ಇರುವ ಪರಿಚಯದವರೊಬ್ಬರಿಗೆ ಸೆಟ್ ತೋರಿಸಿದೆ. ಅವರು ನೋಡಿ ಕೇಳಿದ್ದು ಒಂದೇ: "ಇದನ್ನ ಪೊಲೀಸ್ನೋರು ನೋಡ್ಲಿಲ್ವಾ?" ಕಾರ್ಖಾನೆಯಿಂದಲೇ ಅದರಲ್ಲಿ 16 ಚಾನೆಲ್ ತುಂಬಿದ್ದರು, 400ರಿಂದ 470 ಮೆಗಾಹರ್ಟ್ಸ್ ನಡುವೆ ಎಲ್ಲೆಲ್ಲೋ. ನಮ್ಮ ದೇಶದಲ್ಲಿ ಅಲ್ಲಿ ಲೈಸೆನ್ಸ್ ಪಡೆದವರು ಕೂತಿರುತ್ತಾರೆ. ಆ ಸಿಮೆಂಟ್ ಲೋಡಿನ ಅಣ್ಣ ಯಾಕೆ ಬೈದ ಅಂತ ಆಗ ಗೊತ್ತಾಯಿತು. ಲೈಸೆನ್ಸ್ ಇಲ್ಲದೆ ಜನ ಬಳಸಬಹುದಾದ ಜಾಗ 446.0ರಿಂದ 446.2 ಮೆಗಾಹರ್ಟ್ಸ್, ಅದೂ ಕಡಿಮೆ ಶಕ್ತಿಯ ಸೆಟ್‌ಗೆ ಮಾತ್ರ. 2018ರ ನಿಯಮದಲ್ಲಿ ಇದು ಬಂತು. ಆ ಸೆಟ್‌ಗೂ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಒಪ್ಪಿಗೆ ಇರಬೇಕು, ಇಟಿಎ ಅಂತಾರೆ. ನನ್ನ ಡಬ್ಬದ ಮೇಲೆ ಇಟಿಎಯೂ ಇರಲಿಲ್ಲ, ಫ್ರೀಕ್ವೆನ್ಸಿಯೂ ಇರಲಿಲ್ಲ. ವಾಪಸ್ ತಗೊಳ್ಳಿ ಅಂತ ಮಾರಿದವರಿಗೆ ಬರೆದೆ. "ವಾಪಸಿನ ಅವಧಿ ಮುಗಿದಿದೆ" ಅಂತ ಒಂದು ಸಾಲು ಬಂತು.

ಆಮೇಲೆ, 2025ರ ಮೇ ತಿಂಗಳಲ್ಲಿ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಮಾರಾಟದ ಮೇಲೆ ಆನ್‌ಲೈನ್ ಅಂಗಡಿಗಳಿಗೆ ನೋಟಿಸ್ ಕೊಟ್ಟಿತು. ಫ್ರೀಕ್ವೆನ್ಸಿ ಎಷ್ಟು, ಲೈಸೆನ್ಸ್ ಬೇಕೇ ಬೇಡವೇ, ಇಟಿಎ ಇದೆಯೇ ಅಂತ ತಿಳಿಸಲೇಬೇಕು ಅಂತ ಮಾರ್ಗಸೂಚಿಯೂ ಬಂತು. ಹಾಗಾಗಿ ನೀವು ಸೆಟ್ ನೋಡುವಾಗ ಕಿಲೋಮೀಟರ್ ಬಿಟ್ಟು ಮೊದಲು ಈ ಎರಡನ್ನು ಹುಡುಕಿ: 446 ಮತ್ತು ಇಟಿಎ. ಇಲ್ಲದಿದ್ದರೆ ಎಷ್ಟೇ ಅಗ್ಗವಿರಲಿ, ಮುಂದೆ ಹೋಗಿ.

"ಹಾಗಾದ್ರೆ ಈ ಕಡಿಮೆ ಶಕ್ತಿಯ ಅರ್ಧ ವ್ಯಾಟ್ ಸೆಟ್‌ನಲ್ಲಿ ಏನು ಉಪಯೋಗ?" ಅಂತ ಕೇಳುವಿರಿ. ನಾನೂ ಕೇಳಿದ್ದೆ. ಅದನ್ನೇ ತಗೊಂಡು ಅದೇ ತೋಟಕ್ಕೆ ಮತ್ತೆ ಹೋದೆವು. ಗುಡ್ಡದ ಮೂಗಿನಲ್ಲಿ ಅದೂ ಸತ್ತಿತು, ಹಳೆಯದು ಸತ್ತ ಜಾಗದಿಂದ ನೂರು ಹೆಜ್ಜೆ ಈಚೆಗೆ. ಅಷ್ಟೇ ವ್ಯತ್ಯಾಸ. ಈಗ ತಿರುವಿನಲ್ಲಿ ಒಂದು ಗಾಡಿ ನಿಲ್ಲುತ್ತದೆ, ಹಿಂದಿನವನು ಕಾಣುವ ತನಕ ಮುಂದಿನವನು ಹೋಗುವುದಿಲ್ಲ. ಮಾತನ್ನು ನಡುವಿನವನು ದಾಟಿಸುತ್ತಾನೆ. ಸೆಟ್ ಆರಿಸುವಾಗ ನಾನು ನೋಡಿದ್ದು ಗುಂಡಿ. ಅಂಗಡಿಯಲ್ಲಿ ಕೈ ಒದ್ದೆ ಮಾಡಿಕೊಂಡು, ಗ್ಲೌಸ್ ಹಾಕಿಕೊಂಡು ಒತ್ತಿ ನೋಡಿದೆ. ಅಂಗಡಿಯ ಹುಡುಗ ನನ್ನನ್ನು ನೋಡಿದ ರೀತಿ ಬೇರೆ ಬಿಡಿ. ಆಮೇಲೆ ನೀರು ತಡೆಯುತ್ತದಾ, ಪೆನ್ಸಿಲ್ ಸೆಲ್ ಹಾಕಬಹುದಾ ಅಂತ ನೋಡಿದೆ. ಚಾರ್ಜರ್ ಮನೆಯಲ್ಲಿ ಮರೆತರೂ ಸಕಲೇಶಪುರದ ಯಾವ ಪೆಟ್ಟಿಗೆ ಅಂಗಡಿಯಲ್ಲೂ ಸೆಲ್ ಸಿಗುತ್ತದೆ.

27 ಮೆಗಾಹರ್ಟ್ಸ್ ಆಸುಪಾಸಿನ ಸಿಟಿಜನ್ ಬ್ಯಾಂಡ್ ಕೂಡ ಇದೆ, 5 ವ್ಯಾಟ್ ತನಕ ಲೈಸೆನ್ಸ್ ಬೇಡ. ಅದರ ಅಲೆ ಉದ್ದ, ಕಾಲು ಅಲೆಯ ಆಂಟೆನಾ ಅಂದರೂ ಎರಡೂಮುಕ್ಕಾಲು ಮೀಟರ್. ಕಾಫಿ ತೋಟದ ಕೊಂಬೆಗಳ ಕೆಳಗೆ ಅದನ್ನು ಹೊತ್ತು ಹೋಗುವ ಧೈರ್ಯ ನನಗಿಲ್ಲ. ಹ್ಯಾಮ್ ಬೇಕಾದರೆ ಪರೀಕ್ಷೆ ಬರೆದು ಲೈಸೆನ್ಸ್ ತಗೊಳ್ಳಿ. ಆದರೆ ಗುಂಪಿನಲ್ಲಿ ಮಾತಾಡುವ ಎಲ್ಲರಿಗೂ ಲೈಸೆನ್ಸ್ ಬೇಕು, ಒಬ್ಬನಿಗಿದ್ದರೆ ಸಾಲದು. ಸ್ಯಾಟಲೈಟ್ ಫೋನ್ ಅಂತೂ ಅನುಮತಿ ಇಲ್ಲದೆ ಮುಟ್ಟಲೇಬೇಡಿ, ಸೀದಾ ಠಾಣೆಗೆ ದಾರಿ.

ನಮ್ಮ ಪ್ರತಿ ಸೆಟ್‌ಗೂ ಈಗ ಒಂದು ಪ್ಲಾಸ್ಟಿಕ್ ಸೀಟಿ ಕಟ್ಟಿದ್ದೇವೆ, ಪಿ.ಟಿ. ಮೇಷ್ಟ್ರು ಊದುತ್ತಿದ್ದರಲ್ಲ, ಅಂಥದ್ದು. ಒಂದು ಸಲ ಊದಿದರೆ ಎಲ್ಲರೂ ನಿಲ್ಲಬೇಕು. ಕಳೆದ ಸಲ ಹೋದಾಗ ರೈಟ್ರಿಗೂ ಒಂದು ಕೊಟ್ಟೆ. "ನಂಗ್ಯಾಕೆ ಸ್ವಾಮಿ?" ಅಂದು ನಕ್ಕು ಮೊಮ್ಮಗನಿಗೆ ಕೊಟ್ಟರು.

ಆ ಹಳೇ ಆರು ಸೆಟ್ ನಮ್ಮ ಅಟ್ಟದ ಮೇಲಿವೆ. ಸೆಕೆಂಡ್ ಹ್ಯಾಂಡ್ ಕೊಡ್ತೀರಾ ಅಂತ ದಯವಿಟ್ಟು ಮೆಸೇಜ್ ಮಾಡಬೇಡಿ.