‘ಆರು ಕೋಳಿಗಳಿಗೆ, ಎಲ್ಲ ಹವಾಮಾನಕ್ಕೆ’ ಎಂದು ಮಾರುವ ಸಿದ್ಧ ಮರದ ಗೂಡು: ಒಂದು ವಿಮರ್ಶೆ

ಬಿಡಿ ಭಾಗಗಳಾಗಿ ಬಂದು, ಮನೆಯಲ್ಲೇ ತಿರುಪು ಬಿಗಿದು ನಿಲ್ಲಿಸಿಕೊಳ್ಳಬಹುದಾದ ಮರದ ಕೋಳಿಗೂಡುಗಳು ಈಗ ಹಲವು ಹೆಸರುಗಳಲ್ಲಿ ಸಿಗುತ್ತವೆ. ಹೆಸರು ಬೇರೆಯಾದರೂ ವಿನ್ಯಾಸ ಬಹುಪಾಲು ಒಂದೇ: ನಾಲ್ಕು ಕಾಲಿನ ಮೇಲೆ ನಿಂತ ಮುಚ್ಚಿದ ಪೆಟ್ಟಿಗೆ, ಪಕ್ಕದಲ್ಲಿ ಮೊಟ್ಟೆಯಿಡುವ ಎರಡು ಖಾನೆ, ಮುಂದೆ ತಂತಿಬಲೆಯ ಅಂಗಳ, ಮೇಲೆ ಕಪ್ಪು ತಾರು ಹಾಳೆಯ ಮಾಡು. ನಾನು ಬಳಸುತ್ತಿರುವುದೂ ಅದೇ ಬಗೆಯದು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ, ಚಳಿಗಾಲದಲ್ಲಿ ನೀರಿನ ಪಾತ್ರೆಯೇ ಹೆಪ್ಪುಗಟ್ಟುವ ಹವೆಯಲ್ಲಿ ಅದನ್ನು ಬಳಸಿದ ಮೇಲೆ, ಮಾರುವವರ ಎರಡು ಮಾತುಗಳಲ್ಲಿ ಮೊದಲನೆಯದು ಸುಳ್ಳು, ಎರಡನೆಯದು ನಾವೇ ಗರಗಸ ಹಿಡಿದರೆ ಮಾತ್ರ ನಿಜ ಎಂದು ಹೇಳಬೇಕಾಗಿದೆ.

ಮೊದಲು ಜಾಗದ ಲೆಕ್ಕ. ಪೆಟ್ಟಿಗೆಯ ಒಳನೆಲ ಸುಮಾರು 12 ಚದರ ಅಡಿ. ಮಧ್ಯಮ ಗಾತ್ರದ ಹೇಂಟೆಯೊಂದಕ್ಕೆ ಗೂಡಿನೊಳಗೆ 4 ಚದರ ಅಡಿ ಇರಬೇಕೆಂಬುದು ಸಾಕುವವರು ಸಾಮಾನ್ಯವಾಗಿ ಒಪ್ಪಿದ ಅಳತೆ. ಹಾಗಾಗಿ ಇದು ಮೂರು ಕೋಳಿಗಳ ಗೂಡು. ಹಗಲೆಲ್ಲ ಹೊರಗೆ ಕೆದಕಿಕೊಂಡಿರುವ ದಿನಗಳಲ್ಲಿ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಹಿಮ ಸುರಿದೋ ಬಿಸಿಗಾಳಿ ಬೀಸಿಯೋ ಅವು ದಿನವಿಡೀ ಒಳಗೇ ಉಳಿದಾಗ, ಒಂದರ ಪುಕ್ಕವನ್ನು ಇನ್ನೊಂದು ಕೀಳತೊಡಗುತ್ತದೆ.

ಗೂಡಿನ ಮುಖ್ಯ ದೋಷ ಮಾತ್ರ ಬೇರೆಯೇ ಇದೆ. ಹಲಗೆಗಳು ಎಳ್ಳಷ್ಟೂ ಗಾಳಿ ನುಸುಳದಂತೆ ಬೆಸೆದುಕೊಳ್ಳುತ್ತವೆ ಎಂಬುದನ್ನು ವಿವರಣೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ, ದೋಷವಿರುವುದೇ ಅಲ್ಲಿ. ಕೋಳಿಯ ಮೈಬಿಸಿ 41 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಪುಕ್ಕ ಉಬ್ಬಿಸಿ ಅದರ ಸಂದಿನಲ್ಲಿ ಗಾಳಿಯನ್ನು ಹಿಡಿದಿಟ್ಟುಕೊಂಡು ಒಣ ಚಳಿಯನ್ನು ಅದು ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಅದಕ್ಕೆ ತಡೆಯಲಾಗದ್ದು ತೇವದೊಂದಿಗೆ ಬರುವ ಚಳಿ. ರಾತ್ರಿಯ ಉಸಿರಿನಲ್ಲಿ ತೇವವಿದೆ, ಹಸಿ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ ಇದೆ. ಹೋಗಲು ದಾರಿಯಿಲ್ಲದ ಈ ತೇವ ಮಾಡಿನ ಒಳಮೈಗೆ ತಗುಲಿ ಹನಿಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಬಾಗಿಲು ತೆಗೆದು ಮಾಡಿನ ಕೆಳಗೆ ಕೈಯಾಡಿಸಿದರೆ ಅಂಗೈ ತೊಯ್ದು ಮಣಿಕಟ್ಟಿನತನಕ ನೀರು ಇಳಿಯುತ್ತಿತ್ತು. ಜುಟ್ಟಿನ ತುದಿಗಳು ಕಪ್ಪಾಗಿ, ಒಣಗಿ ಉದುರುವುದು ಇಂಥ ಗೂಡುಗಳಲ್ಲಿಯೇ. ಹಿಕ್ಕೆಯಿಂದೇಳುವ ಅಮೋನಿಯಾ ಇನ್ನೊಂದು ಕೇಡು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು 25 ಪಾಲು ಮೀರಬಾರದೆನ್ನುತ್ತಾರೆ, ಆದರೆ ನಮ್ಮ ಮೂಗಿಗೆ ಅದು ಸ್ಪಷ್ಟವಾಗಿ ತಿಳಿಯುವುದೇ ಆ ಮಟ್ಟದ ಸನಿಹದಲ್ಲಿ. ಬಾಗಿಲು ತೆಗೆದೊಡನೆ ಕಣ್ಣುರಿದರಂತೂ ಮಿತಿ ಎಂದೋ ದಾಟಿದೆ ಎಂದೇ ತಿಳಿಯಬೇಕು.

ಪರಿಹಾರ ಸುಲಭ. ಎದುರುಬದುರು ಗೋಡೆಗಳಲ್ಲಿ, ಸೂರಿನ ನೇರ ಕೆಳಗೆ, ಉದ್ದನೆಯ ಗಾಳಿಕಂಡಿ ಕೊರೆದು ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ ಹೊಡೆದೆ. ಅಡ್ಡಗೋಲಿನ ಮೇಲೆ ಕುಳಿತ ಕೋಳಿಯ ತಲೆಗಿಂತ ಕಂಡಿ ಎತ್ತರದಲ್ಲಿರಬೇಕೆಂಬುದೊಂದೇ ನಿಯಮ. ಆಗ ತೇವ ಮೇಲಿನಿಂದ ಹೊರಟುಹೋಗುತ್ತದೆ, ಕುಳಿರ್ಗಾಳಿ ಮೈಗೆ ತಾಗುವುದಿಲ್ಲ. ಹನಿಗಟ್ಟುವುದು ನಿಂತಿತು. ಬೇಸಿಗೆಯ ಬಿಸಿಗಾಳಿ ಹೊರಹೋಗುವುದೂ ಅದೇ ಕಂಡಿಯಿಂದ. ಇಷ್ಟನ್ನು ತಯಾರಿಸುವವರೇ ಏಕೆ ಮಾಡಿ ಕಳಿಸುವುದಿಲ್ಲವೋ ತಿಳಿಯದು.

ಅಡ್ಡಗೋಲಿನ ವಿಷಯದಲ್ಲೂ ಕೋಳಿ ಮಲಗುವ ರೀತಿಯನ್ನು ನೋಡಿ ಮಾಡಿದಂತಿಲ್ಲ. ಬರುವುದು ಹೆಬ್ಬೆರಳು ದಪ್ಪದ ದುಂಡು ಕೋಲು. ನಾಲ್ಕು ಇಂಚು ಅಗಲದ ಚಪ್ಪಟೆ ಪಟ್ಟಿಯಾದರೆ ಹೇಂಟೆ ಪಾದ ಊರಿ, ಎದೆಯ ಪುಕ್ಕದಿಂದ ಬೆರಳುಗಳನ್ನು ಮುಚ್ಚಿಕೊಂಡು ಮಲಗುತ್ತದೆ. ಕೋಲು ಮೊಟ್ಟೆಯ ಖಾನೆಯಷ್ಟೇ ಎತ್ತರದಲ್ಲಿರುವುದರಿಂದ ಅವು ಖಾನೆಯಲ್ಲೇ ರಾತ್ರಿ ಕಳೆದು ಮೊಟ್ಟೆ ಹೊಲಸಾಗುತ್ತದೆ. ಪಟ್ಟಿಯನ್ನು ಮೇಲೇರಿಸಿದರೆ ಆಯಿತು.

ಬೇಸಿಗೆಯಲ್ಲಿ ಕಪ್ಪು ಮಾಡು ಕೆಂಡದಂತೆ ಕಾಯುತ್ತದೆ. ಕೋಳಿಗೆ ಬೆವರುಗ್ರಂಥಿಗಳಿಲ್ಲ, ಸುಮಾರು 30 ಡಿಗ್ರಿ ದಾಟುತ್ತಿದ್ದಂತೆ ಬಾಯಿ ತೆರೆದು ಏದುಸಿರು ಬಿಡುತ್ತ, ರೆಕ್ಕೆಗಳನ್ನು ಮೈಯಿಂದ ಎತ್ತಿ ಹಿಡಿದು ನಿಲ್ಲುತ್ತದೆ. ಆ ಏದುಸಿರಿನಲ್ಲಿ ರಕ್ತದ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗುವುದರಿಂದ ಮೊಟ್ಟೆಯ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಚಿಪ್ಪು ತೆಳುವಾದಾಗ ಸುಣ್ಣದಂಶವನ್ನಷ್ಟೇ ಹೆಚ್ಚಿಸುತ್ತ ಹೋದರೆ ಸಾಲದು, ನೆರಳು ಹೆಚ್ಚಿಸಬೇಕು. ಮಾಡಿನ ಮೇಲೆ ಗೇಣಷ್ಟು ಅಂತರ ಬಿಟ್ಟು ಬಿಳಿಯ ಇನ್ನೊಂದು ಹೊದಿಕೆ ಹಾಕಿದ್ದು ಹಾಗೂ ನೀರನ್ನು ನೆರಳಿನ ಎರಡು ಕಡೆ ಇಟ್ಟದ್ದು ಗೊತ್ತಾಗುವಷ್ಟು ಗುಣ ತಂದವು. ಮೊಟ್ಟೆಯಿಡುವ ಹೇಂಟೆ ಹಿತವಾದ ಹವೆಯಲ್ಲಿ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿದರೆ, ಬಿರುಬೇಸಿಗೆಯಲ್ಲಿ ಅದರ ಎರಡರಷ್ಟು ಕೇಳುತ್ತದೆ.

ಯಾವ ತಳಿಗಾದರೂ ಆಗುತ್ತದೆ ಎಂದೂ ವಿವರಣೆಯಲ್ಲಿದೆ. ಇದನ್ನು ನಂಬಬಾರದು, ಗೂಡಿನ ಜೊತೆಗೇ ತಳಿಯನ್ನೂ ಯೋಚಿಸಬೇಕು. ನೋಡಬೇಕಾದದ್ದು ಜುಟ್ಟು, ತೂಕ ಮತ್ತು ಪುಕ್ಕ. ಲೆಗ್‌ಹಾರ್ನ್, ಮಿನೋರ್ಕಾಗಳಂಥ ಹಗುರ ಮೈಯ, ದೊಡ್ಡ ಗರಗಸ ಜುಟ್ಟಿನ ತಳಿಗಳು ಆ ಜುಟ್ಟಿನ ಮೂಲಕವೇ ಮೈಬಿಸಿಯನ್ನು ಹೊರಹಾಕುತ್ತವೆ. ಈಜಿಪ್ಟಿನ ಫಯೂಮಿ ಮತ್ತು ಬೋಳು ಕತ್ತಿನ ಕೋಳಿ ಕೂಡ ಸೆಕೆಗೆ ಹೇಳಿಮಾಡಿಸಿದವು. ಹಿಮಕ್ಕೆ ಇದಕ್ಕೆ ವಿರುದ್ಧವಾದ ಮೈಕಟ್ಟು ಬೇಕು: ತಲೆಗಂಟಿಕೊಂಡ ಗುಲಾಬಿ ಜುಟ್ಟಿನ ವಯಾಂಡೊಟ್, ಬಟಾಣಿ ಜುಟ್ಟಿನ ಬ್ರಹ್ಮಾ, ಹಾಗೂ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಓಕಾ ಮಠದಲ್ಲಿ 20ನೆಯ ಶತಮಾನದ ಆರಂಭದಲ್ಲಿ, ಹೆಪ್ಪುಗಟ್ಟಲು ಜುಟ್ಟೂ ಗಲ್ಲದ ಜೋಲೂ ಹೆಚ್ಚು ಉಳಿಯದಂತೆ ಬೆಳೆಸಿದ ಶಾಂಟಕ್ಲೇರ್. ಇವುಗಳಲ್ಲಿ ಬ್ರಹ್ಮಾ ಈ ಗೂಡಿನ ಕಿರುಬಾಗಿಲಲ್ಲಿ ಮೈ ಉಜ್ಜಿಕೊಂಡೇ ನುಗ್ಗಬೇಕು; ಅದರ ಕಾಲಿನ ಪುಕ್ಕಕ್ಕೆ ಕೆಸರು ಮೆತ್ತಿಕೊಂಡು ಹೆಪ್ಪುಗಟ್ಟುವ ತೊಂದರೆಯೂ ಇದೆ. ಎರಡೂ ಅತಿಗಳನ್ನು ಕಾಣುವ ಹವೆಗೆ ಮಧ್ಯಮ ತೂಕದ ರೋಡ್ ಐಲೆಂಡ್ ರೆಡ್ ಒಳ್ಳೆಯದು. ಅದರಲ್ಲಿ ಗುಲಾಬಿ ಜುಟ್ಟಿನ ಬಗೆಯೂ ಉಂಟು, ಸಿಗುವುದಾದರೆ ನನ್ನ ಆಯ್ಕೆ ಅದೇ. ಹುಂಜದ ಜುಟ್ಟು ದೊಡ್ಡದಾದ್ದರಿಂದ ಹಿಮದ ಹೊಡೆತ ಮೊದಲು ಬೀಳುವುದು ಅದಕ್ಕೇ.

ಮೆಚ್ಚಬೇಕಾದವೂ ಇವೆ. ಹಿಕ್ಕೆಯ ತಟ್ಟೆ ಸಲೀಸಾಗಿ ಹೊರಜಾರುತ್ತದೆ. ಇಬ್ಬರು ಹಿಡಿದರೆ ಗೂಡನ್ನೇ ನೆರಳಿಗೆ ಸಾಗಿಸಬಹುದು. ಅಂಗಳದ ತೆಳುತಂತಿ ಬಲೆ ಮಾತ್ರ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ತಿರುಗಿಸುವ ಮರದ ಚಿಲಕದ ಬದಲು ಕೊಂಡಿಯಿರುವ ಅಗುಳಿ ಹಾಕಿಸಿಕೊಳ್ಳಬೇಕು.

ಮಾಡಿನ ನಡುವೆ ಕಾವಿನ ದೀಪ ತೂಗುಹಾಕಲು ಒಂದು ಕೊಕ್ಕೆಯನ್ನೂ ಕೊಟ್ಟಿದ್ದಾರೆ. ಒಣ ಹೊಟ್ಟು, ಪುಕ್ಕದ ಧೂಳು, ತೆಳು ಹಲಗೆ ಇರುವ ಇಷ್ಟು ಕಿರಿದಾದ ಜಾಗದಲ್ಲಿ ಅಂಥ ದೀಪ ಉರಿಸುವುದೆಂದರೆ ಬೆಂಕಿಯನ್ನು ಕರೆದಂತೆಯೇ. ಪುಕ್ಕ ಬಲಿತ, ಒಣ ಗೂಡಿನ ಕೋಳಿಗೆ ಅದು ಬೇಕಾಗಿಯೂ ಇಲ್ಲ, ಮೇಲಾಗಿ ಕಾವಿಗೆ ಒಗ್ಗಿದ ಕೋಳಿಗಳು ನಡುರಾತ್ರಿ ವಿದ್ಯುತ್ ಹೋದಾಗ ಇನ್ನಷ್ಟು ನರಳುತ್ತವೆ. ಹಿಮದ ದಿನಗಳಲ್ಲಿ ಆ ಕೊಕ್ಕೆಗೆ ನಾನು ಎಲೆಕೋಸಿನ ಗಡ್ಡೆಯೊಂದನ್ನು ಕಟ್ಟಿಬಿಡುತ್ತೇನೆ; ಒಳಗೇ ಉಳಿದ ಕೋಳಿಗಳು ಒಂದರ ಪುಕ್ಕವನ್ನು ಇನ್ನೊಂದು ಕೀಳುವ ಬದಲು ಅದನ್ನು ಕುಕ್ಕಿಕೊಂಡಿರುತ್ತವೆ.