ಮನೆಯಿಂದ ನಡೆಸುವ ಆನ್‌ಲೈನ್ ಅಂಗಡಿಗೆ ಗೂಗಲ್ ಅನಲಿಟಿಕ್ಸ್ 4ರ ‘ಇಂಟರ್ನಲ್ ಟ್ರಾಫಿಕ್’ ಫಿಲ್ಟರ್ ಸಾಕೇ?

ಗೂಗಲ್ ಅನಲಿಟಿಕ್ಸ್ 4 ಅಂಗಡಿಯ ವೆಬ್‌ಸೈಟಿಗೆ ಬರುವ ಭೇಟಿಗಳನ್ನು ಎಣಿಸುವ ಸಾಧನ; ಈ ಫಿಲ್ಟರ್ ಅಂಗಡಿಯವರದೇ ಭೇಟಿಗಳನ್ನು ಆ ಲೆಕ್ಕದಿಂದ ತೆಗೆಯುತ್ತದೆ. ದಿನಕ್ಕೆ 60 ಭೇಟಿ, 3 ಆರ್ಡರ್ ಎಂದರೆ ಭೇಟಿ ಆರ್ಡರ್ ಆಗುವ ಪ್ರಮಾಣ ಶೇ 5. ಆ 60ರಲ್ಲಿ 20 ಸಲ ಬೆಲೆ ತಿದ್ದಲು, ಫೋಟೊ ಸರಿಯಾಗಿ ಬಂದಿದೆಯೇ ನೋಡಲು ಅಂಗಡಿಯವರೇ ಬಂದುಹೋಗಿದ್ದರೆ ನಿಜವಾದ ಲೆಕ್ಕ ಶೇ 7.5. ಜಾಹೀರಾತಿಗೆ ಎಷ್ಟು ಹಣ ಹಾಕಬಹುದು ಎಂಬುದು ಈ ಅಂಕಿಯ ಮೇಲೇ ನಿಂತಿರುವುದರಿಂದ, ಸಣ್ಣ ಅಂಗಡಿಗೆ ಈ ಫಿಲ್ಟರ್ ಬೇಕೇ ಬೇಕು.

ಅಡ್ಮಿನ್‌ನಲ್ಲಿ ಡೇಟಾ ಸ್ಟ್ರೀಮ್ಸ್ ತೆರೆದು, ನಿಮ್ಮ ವೆಬ್ ಸ್ಟ್ರೀಮ್ ಆರಿಸಿ, ಟ್ಯಾಗ್ ಸೆಟ್ಟಿಂಗ್ಸ್‌ನಲ್ಲಿ ‘ಡಿಫೈನ್ ಇಂಟರ್ನಲ್ ಟ್ರಾಫಿಕ್’ಗೆ ಹೋಗಿ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಬರೆಯಬೇಕು. ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇದು ಭೇಟಿಗೆ ಗುರುತು ಹಚ್ಚುತ್ತದೆ ಅಷ್ಟೇ. ತೆಗೆದುಹಾಕುವ ಕೆಲಸ ‘ಡೇಟಾ ಫಿಲ್ಟರ್ಸ್’ನದು, ಅದು ಮೊದಲಿಗೆ ‘ಟೆಸ್ಟಿಂಗ್’ ಸ್ಥಿತಿಯಲ್ಲಿರುತ್ತದೆ. ‘ಆ್ಯಕ್ಟಿವ್’ ಮಾಡಿದ ಮೇಲೆ ಜಾರಿಯಾಗಲು 24ರಿಂದ 36 ಗಂಟೆ ಹಿಡಿಯುತ್ತದೆ. ಹಳೆಯ ಅಂಕಿ ಶುದ್ಧವಾಗುವುದಿಲ್ಲ, ಹೊರಬಿದ್ದದ್ದು ಮರಳಿ ಸಿಗುವುದೂ ಇಲ್ಲ. ಹಾಗಾಗಿ ಕೆಲವು ದಿನ ಟೆಸ್ಟಿಂಗ್‌ನಲ್ಲೇ ಬಿಟ್ಟು, ರಿಯಲ್‌ಟೈಮ್ ವರದಿಯಲ್ಲಿ ‘ಟೆಸ್ಟ್ ಡೇಟಾ ಫಿಲ್ಟರ್ ನೇಮ್’ ಹಾಕಿ ಹೋಲಿಸಿ ನೋಡಿ.

ಸ್ಥಿರ ಐಪಿ ಇರುವ ಕಚೇರಿಗೆ ಇಷ್ಟು ಸಾಕು. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ರೂಟರ್ ಆಫ್ ಮಾಡಿ ಆನ್ ಮಾಡಿದರೂ ಐಪಿ ಬದಲಾಗಬಹುದು. ಐಪಿವಿ6 (ಹೊಸ ಬಗೆಯ, ಉದ್ದದ ಐಪಿ ವಿಳಾಸ) ಇದ್ದರೆ ವಿಳಾಸದ ಕೊನೆಯ ಅರ್ಧ ಆಗಾಗ ಬದಲಾಗುತ್ತದೆ. ಪೂರ್ತಿ ವಿಳಾಸದ ಬದಲು /64 ವ್ಯಾಪ್ತಿ ಕೊಡಿ, ಅಂದರೆ ಮೊದಲ ಅರ್ಧ ಹೊಂದಿದರೆ ಸಾಕು ಎಂದು. ಮೊಬೈಲ್ ಡೇಟಾದ ಐಪಿವಿ4 (ಹಳೆಯ ಬಗೆಯ) ವಿಳಾಸವನ್ನಂತೂ ಸೇರಿಸಲೇಬೇಡಿ: ಒಂದೇ ವಿಳಾಸವನ್ನು ನೂರಾರು ಜನ ಹಂಚಿಕೊಂಡಿರುತ್ತಾರೆ, ನಿಮ್ಮ ಜೊತೆ ಗಿರಾಕಿಯೂ ಹೊರಬೀಳುತ್ತಾರೆ.

ನಮ್ಮ ಆಯ್ಕೆ, ಐಪಿ ಬಿಟ್ಟು ಫೋನಿಗೇ ಗುರುತು ಹಾಕುವುದು. ಅಂಗಡಿಯ ವಿಳಾಸದ ಕೊನೆಗೆ ನಿಮಗಷ್ಟೇ ಗೊತ್ತಿರುವ ಪದವೊಂದನ್ನು ಸೇರಿಸಿ ತೆರೆದಾಗ, ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ (ಸೈಟ್ ನಿಮ್ಮ ಫೋನಿನಲ್ಲೇ ಮಾಹಿತಿ ಇಡುವ ಜಾಗ) ಗುರುತು ಉಳಿಯುವಂತೆ, ಸೈಟಿಗೆ ಟ್ಯಾಗ್ ಸೇರಿಸುವ ಗೂಗಲ್ ಸಾಧನವಾದ ಟ್ಯಾಗ್ ಮ್ಯಾನೇಜರ್‌ನಲ್ಲಿ ಒಂದು ವೇರಿಯಬಲ್ (ಸಣ್ಣ ಕೋಡ್) ಬರೆಸಿ. ಗುರುತು ಇದ್ದರೆ ಗೂಗಲ್ ಟ್ಯಾಗ್ ‘ಟ್ರಾಫಿಕ್_ಟೈಪ್’ಗೆ ‘ಇಂಟರ್ನಲ್’ ಎಂದು ಕಳಿಸಲಿ (ಎರಡೂ ಇಂಗ್ಲಿಷ್ ಸಣ್ಣಕ್ಷರದಲ್ಲಿ). ಅದೇ ಫಿಲ್ಟರ್ ಹಿಡಿದುಕೊಳ್ಳುತ್ತದೆ. ವೇರಿಯಬಲ್ ವಿಳಾಸ, ಸ್ಟೋರೇಜ್ ಎರಡನ್ನೂ ನೋಡಬೇಕು, ಇಲ್ಲವಾದರೆ ಮೊದಲ ಪುಟದ ಭೇಟಿ ತಪ್ಪಿಸಿಕೊಳ್ಳುತ್ತದೆ. ಸಫಾರಿ ಬಳಸುತ್ತಲೇ 7 ದಿನ ಅಂಗಡಿಯ ಕಡೆ ಹೋಗದಿದ್ದರೆ ಗುರುತು ಅಳಿಸಿಹೋಗುತ್ತದೆ. ಇನ್‌ಸ್ಟಾಗ್ರಾಮ್ ಒಳಗೇ ತೆರೆಯುವ ಬ್ರೌಸರ್‌ಗೆ ಬೇರೆ ಗುರುತು ಬೇಕು. ಆ ಲಿಂಕನ್ನು ಪ್ಯಾಕಿಂಗ್ ಮಾಡುವವರ ಫೋನಿನಲ್ಲೂ ಬುಕ್‌ಮಾರ್ಕ್ ಮಾಡಿಸಿ.

ವರ್ಡ್‌ಪ್ರೆಸ್ ಮೇಲೆ ನಡೆಯುವ ವೂಕಾಮರ್ಸ್ ಅಂಗಡಿಯಲ್ಲಿ ಗೂಗಲ್‌ನ ಸೈಟ್ ಕಿಟ್ ಪ್ಲಗಿನ್ ಇನ್ನೂ ಸುಲಭ, ಲಾಗಿನ್ ಆದವರನ್ನು ಅದೇ ಲೆಕ್ಕಕ್ಕೆ ಸೇರಿಸದೆ ಬಿಡುತ್ತದೆ. ಆದರೆ ‘ಲಾಗಿನ್ ಆದ ಎಲ್ಲರೂ’ ಎಂಬುದನ್ನು ಆರಿಸಬೇಡಿ. ಖಾತೆ ತೆರೆದು ಮತ್ತೆ ಮತ್ತೆ ಕೊಳ್ಳುವ ಗಿರಾಕಿಗಳೇ ವರದಿಯಿಂದ ಮಾಯವಾಗುತ್ತಾರೆ. ಪೋಸ್ಟ್ ಬರೆಯಬಲ್ಲವರನ್ನು ಮಾತ್ರ ಬಿಡುವ ಆಯ್ಕೆ ಸರಿ. ಗಿರಾಕಿಯ ಖಾತೆಗೆ ಆ ಅಧಿಕಾರ ಇರುವುದಿಲ್ಲ.